ಮೂರು ಪ್ರತಿ

ಪ್ವೆರ್ತೊ ಮೊಂತ್‌ನ ಆ ಬಿಸಿ ಕೋಣೆಯಲ್ಲಿ
ಮೇಜಿನ ನಡುವೆ ಕೂತಿತ್ತು ನನ್ನ ಪುಸ್ತಕ.
ಕಾರ್ಬನ್ ಇಟ್ಟು ಬರೆದದ್ದು, ದಿನಕ್ಕೆ ಮೂರು ಪ್ರತಿ:
ಬಿಳಿ ಸರ್ಕಾರಕ್ಕೆ, ಗುಲಾಬಿ ಗುತ್ತಿಗೆದಾರರಿಗೆ,
ಹಳದಿ ಪುಸ್ತಕದಲ್ಲೇ, ತೇವದ ವಾಸನೆ ಹೊತ್ತು.

ಆಚಾವೊ ಆಸ್ಪತ್ರೆ ಮುಗಿದದ್ದು
ಇನ್ನೂರ ಹದಿನಾಲ್ಕು ದಿನ ತಡವಾಗಿ.
ಅಲ್ಲಿಯವರೆಗೆ ಎಲ್ಲರದೂ ಒಂದೇ ಮಾತು.
ಅವು ಯಾರ ದಿನಗಳು ಅನ್ನುವುದಕ್ಕೆ
ಎರಡು ಕಡೆಯ ಪರಿಣತರು, ನಾಲ್ಕು ಲೆಕ್ಕ,
ಒಂದು ಜಗ್ ನೀರು.

ಮೊದಲನೆಯದು ಸರಳ.
ಅಂದುಕೊಂಡದ್ದರ ಪಕ್ಕ ಆದದ್ದನ್ನು ನಿಲ್ಲಿಸುವುದು,
ಬಾಗಿಲ ಚೌಕಟ್ಟಿಗೆ ಮಗುವನ್ನು ಒರಗಿಸಿ ಗೀಟು ಎಳೆದ ಹಾಗೆ.
ಎಷ್ಟು ಎಂದು ಹೇಳುತ್ತದೆ. ಏಕೆ ಎಂದು ಕೇಳಿದರೆ
ಚೌಕಟ್ಟು ಬಾಯಿ ಬಿಡುವುದಿಲ್ಲ.

ಎರಡನೆಯದು ಹಳೆಯ ಯೋಜನೆಯನ್ನೇ ತಂದು ಹಾಸಿ
ಅದರೊಳಗೆ ಒಂದೊಂದೇ ವಿಘ್ನ ತುರುಕುತ್ತದೆ:
ಪಾಯದಲ್ಲಿ ಸಿಕ್ಕ ಚಿಪ್ಪಿನ ದಿಬ್ಬ
(ಯಾವ ಕಾಲದಲ್ಲೋ ಯಾರೋ ಉಂಡು ಎಸೆದದ್ದು),
ಪರವಾನಗಿಗೆ ಸಾಂತಿಯಾಗೊ ಕಡೆ ಮುಖ ಮಾಡಿ ಕೂತ
ಎಪ್ಪತ್ತಮೂರು ದಿನ.
ಕಾಗದ ಹಿಗ್ಗುತ್ತದೆ. ದಿನಗಳು ಉದುರುತ್ತವೆ
ಗುತ್ತಿಗೆದಾರರ ಮಡಿಲಿಗೆ.
ಆದರೆ ಆ ಯೋಜನೆಯನ್ನು ನಾನು ನೋಡಿದ್ದೇನೆ.
ಅದರಲ್ಲಿ ಮಳೆಯೇ ಇರಲಿಲ್ಲ. ಚಿಲೊಯೆಯಲ್ಲಿ!
ಬರೆದವನು ನಮ್ಮ ದ್ವೀಪವನ್ನು ಫೋಟೋದಲ್ಲಿ ಕಂಡವನು.

ಮೂರನೆಯದು ಹಿಮ್ಮುಖ ನಡಿಗೆ.
ಕಟ್ಟಿ ನಿಂತದ್ದರಿಂದ ತಡೆಗಳನ್ನು ಕೀಳುತ್ತ,
‘ಇದು ಸಿಗದಿದ್ದರೆ’, ‘ಅದು ನಿಲ್ಲದಿದ್ದರೆ’ ಎನ್ನುತ್ತ
ಆಸ್ಪತ್ರೆಯನ್ನು ಮಡಚಿಕೊಂಡು ಹೋಗುವುದು.
ಒಂದು ‘ರೆ’ ಮೇಲೆ ಎರಡು ಮಹಡಿ.
ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು, ಸರಿ;
ಮೀಸೆ ಬಂದ ಅತ್ತೆ ಮರುದಿನ ಏನು ಮಾಡುತ್ತಿದ್ದಳು
ಅದು ಯಾವ ಲೆಕ್ಕದಲ್ಲಿದೆ?
ಚಿಪ್ಪು ಸಿಗದಿದ್ದರೂ ನಾವು ಕಟ್ಟುತ್ತಿದ್ದುದು ಯಾವುದರಿಂದ?
ಕಬ್ಬಿಣ ಇನ್ನೂ ತಾಲ್ಕವಾನೊ ಬಂದರಿನಲ್ಲಿ
ತುಕ್ಕು ತಿನ್ನುತ್ತಿತ್ತು.

ನಾಲ್ಕನೆಯದು ಹಸಿಂತಾ ಬಾರಿಯಾ ಅವರದು.
ತಿಂಗಳಿಗೊಂದು ಕಿಟಕಿ ತೆರೆದು
ಆಗ ಗೊತ್ತಿದ್ದಷ್ಟೇ ಗೊತ್ತಿರುವವಳಂತೆ ಇಣುಕಿ
ಆ ತಿಂಗಳು ಕೆಲಸದ ಕುತ್ತಿಗೆ ಯಾರ ಕೈಯಲ್ಲಿತ್ತೆಂದು ಹುಡುಕುವುದು.
ಮೇನಲ್ಲಿ ಚಿಪ್ಪು. ಆಗಸ್ಟಿನಲ್ಲಿ ಕಬ್ಬಿಣ. ಜನವರಿಯಲ್ಲಿ ಲಿಫ್ಟು.
ಅಟ್ಟ ಮೇಲೆ ಒಲೆ ಉರಿಸುವವರ ನಡುವೆ
ಇವಳೊಬ್ಬಳು ಹಸಿ ಸೌದೆಯ ಹೊಗೆ ಕುಡಿದು ಲೆಕ್ಕ ಮಾಡುವವಳು.
ನನಗೆ ಹಿಡಿಸಿತು. ಆದರೆ ಅದರ ಹೊಟ್ಟೆ ದೊಡ್ಡದು,
ನನ್ನ ಪುಸ್ತಕದ ಒಂದೊಂದು ಹಾಳೆಯೂ ಬೇಕು ಅದಕ್ಕೆ.

ಆರು, ಎಪ್ಪತ್ತೊಂಬತ್ತು, ಹತ್ತೊಂಬತ್ತು, ನಲವತ್ತೊಂದು.
ಮಾಫಿಯಾಗಬೇಕಾದ ದಿನಗಳು.
ಒಂದೇ ಕಟ್ಟಡ, ಒಂದೇ ಕೆಸರು.

ಜುಲೈ ಎರಡನೇ ವಾರಕ್ಕೆ ಬಂದಾಗ ದನಿ ಏರಿತು:
ಪರವಾನಗಿಯೂ ಇಲ್ಲ, ಕಬ್ಬಿಣವೂ ಇಲ್ಲ,
ಒಂದೇ ಹೆಣಕ್ಕೆ ಇಬ್ಬರು ಕೊಲೆಗಾರರು.
ನನ್ನ ಹಾಳೆಯಲ್ಲಿ ಇದ್ದದ್ದು:
‘ಕೆಲಸವಿಲ್ಲ. ಆಲೂಗಡ್ಡೆ ರೊಟ್ಟಿ ಸುಟ್ಟೆವು.’

ನಾಲ್ಕೂ ಲೆಕ್ಕ ತಕರಾರಿಲ್ಲದೆ ಒಪ್ಪಿದ ದಿನವೂ ಒಂದಿತ್ತು.
ಅಕ್ಟೋಬರ್ ಹದಿನೇಳು. ‘ಭಾರಿ ಮಳೆ. ಕ್ರೇನ್ ನಿಂತಿದೆ.’
ಕೈಬರಹ ನನ್ನದು. ಮಳೆ ಇರಲಿಲ್ಲ.

ಕ್ರೇನ್ ಓಡಿಸುವ ಎರಿಬೆರ್ತೊನ ಹೆಂಡತಿಗೆ
ಎಂಟನೇ ತಿಂಗಳಲ್ಲೇ ನೋವು ಬಂತು.
ನಾವು ಕಟ್ಟುತ್ತಿದ್ದ ಹೆರಿಗೆ ಕೋಣೆಗೆ ಛಾವಣಿಯಿಲ್ಲ.
ಲಾರಿಯಲ್ಲಿ ಹಲಗೆ ಹಾಸಿ ಮಲಗಿಸಿದೆವು,
ಹಿಂದೆಯೇ ಮೂವತ್ತೆರಡು ಹೆಲ್ಮೆಟ್ಟು.
ಫೆರಿ ಆಚೆ ದಡದಲ್ಲಿತ್ತು, ಬಿಸಿಲಿಗೆ ಹೊಳೆಯುತ್ತ.
ಅದು ಈಚೆ ಬರುವಷ್ಟರಲ್ಲಿ
ಯಾರದೋ ಮಳೆಯಂಗಿಯಲ್ಲಿ ಸುತ್ತಿದ ಹುಡುಗಿ
ಅಳಲು ಶುರು ಮಾಡಿದ್ದಳು.
ಆಮೇಲೆ ಯಾರಿಗೂ ಕೆಲಸಕ್ಕೆ ಕೈ ಏಳಲಿಲ್ಲ.
ಹಾಳೆಯಲ್ಲಿ ಕಾರಣಕ್ಕೆಂದು ಇದ್ದದ್ದು ಒಂದೇ ಗೆರೆ.

‘ಈ ಪುಸ್ತಕ ನಿಜವೇ, ದೊನ್ ನೊಲ್ಬೆರ್ತೊ?’
‘ಮಳೆ ಬರುವ ಊರು, ಸ್ವಾಮಿ’ ಅಂದೆ.
ಪಂಚರು ಬರೆದುಕೊಂಡರು.
ಹಸಿಂತಾ ಮಾತ್ರ ತಲೆ ಎತ್ತಿದಳು.
ಅವಳ ಕೈಯಲ್ಲಿತ್ತು ಆ ತಿಂಗಳ ಹವಾಮಾನದ ಪಟ್ಟಿ.
ನನ್ನನ್ನೇ ನೋಡಿದಳು, ಸ್ವಲ್ಪ ಹೊತ್ತು.
ಏನೂ ಹೇಳದೆ
ಅಕ್ಟೋಬರ್ ಮುಚ್ಚಿದಳು.